ಸರ್ಕಾರದ ನೆರವು ಕೇಳೋ ಕಂಪನಿಯಲ್ಲಿ ಎಂ.ಡಿ. ಸೌಲಭ್ಯಗಳ ಖರ್ಚು ಎಲ್ಲಿ ಹುಡುಕಬೇಕು, ತಡೆಯೋದು ಹೇಗೆ?

ಪೀಣ್ಯ ಮಂಜು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಲಿಸ್ಟೆಡ್ ಕಂಪನಿ ಬ್ಯಾಂಕುಗಳಿಗೆ ಸಾಲದ ಮರುಹೊಂದಾಣಿಕೆ ಕೇಳಿದೆ. ರಾಜ್ಯ ಕೈಗಾರಿಕಾ ಇಲಾಖೆಗೂ ಬಡ್ಡಿ ಇಲ್ಲದ ಸಾಲಕ್ಕೆ ಅರ್ಜಿ ಹಾಕಿದೆ. ಕಾರ್ಮಿಕರಿಗೆ ಸಂಬಳ ತಡ, ಪಿಎಫ್ ಕಟ್ಟಿಲ್ಲ. ಎಂ.ಡಿ.ಯವರಿಗೆ ಮಾತ್ರ ಚಾರ್ಟರ್ ವಿಮಾನ, ಸದಾಶಿವನಗರದಲ್ಲಿ ಬಾಡಿಗೆ ಬಂಗಲೆ, ಕಾರುಗಳು ಎಲ್ಲಾ ಮೊದಲಿನ ಹಾಗೇ ನಡೀತಿವೆ. ಯೂನಿಯನ್ ಕಡೆಯಿಂದ ಇಲಾಖೆಗೆ, ಬ್ಯಾಂಕಿಗೆ ಮನವಿ ಕೊಡಬೇಕು. ವಾರ್ಷಿಕ ವರದಿ ತೆಗೆದು ನೋಡಿದರೆ ಎಂ.ಡಿ. ಸಂಭಾವನೆ 96 ಲಕ್ಷ ಅಂತ ಒಂದೇ ಸಾಲು. ಉಳಿದದ್ದು ಯಾವ ಪುಟದಲ್ಲಿರುತ್ತೆ? ನಷ್ಟದಲ್ಲಿರೋ ಕಂಪನಿ ಇಷ್ಟೇ ಕೊಡಬೇಕು ಅಂತ ಕಾನೂನಿನ ಮಿತಿ ಇದೆಯಾ? ಸರ್ಕಾರ ದುಡ್ಡು ಕೊಡೋ ಮುಂಚೆ ಏನು ಷರತ್ತು ಹಾಕಿಸಬಹುದು? ಬರೀ ಆಕ್ರೋಶದ ಪತ್ರ ಬೇಡ, ದಾಖಲೆ ಸಮೇತ ಕೊಡಬೇಕು.

ಖಾತೆಪುಸ್ತಕ

ಮಂಜು ಅವರೇ, ಆ 96 ಲಕ್ಷದ ಸಾಲನ್ನ ಸದ್ಯಕ್ಕೆ ಪಕ್ಕಕ್ಕಿಡಿ. ದೊಡ್ಡ ಸೌಲಭ್ಯ ಯಾವತ್ತೂ ಸಂಭಾವನೆಯ ಸಾಲಿನಲ್ಲಿ ಪೂರ್ತಿ ಕಾಣಲ್ಲ.

ಕಾರಿನಿಂದ ಶುರು ಮಾಡೋಣ. ಎಂ.ಡಿ. ನೇಮಕದ ನಿರ್ಣಯದಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ ಇರುತ್ತೆ: ಸೌಲಭ್ಯಗಳ ಮೌಲ್ಯವನ್ನು ಆದಾಯ ತೆರಿಗೆ ನಿಯಮಗಳ ಪ್ರಕಾರ ಲೆಕ್ಕ ಹಾಕತಕ್ಕದ್ದು, ನಿಯಮ ಇಲ್ಲದ ಕಡೆ ನಿಜವಾದ ಖರ್ಚು. 2026ರ ಮಾರ್ಚ್ 31ರವರೆಗೆ ಜಾರಿಯಲ್ಲಿದ್ದ 1962ರ ಆದಾಯ ತೆರಿಗೆ ನಿಯಮಾವಳಿಯ 3ನೇ ನಿಯಮದಲ್ಲಿ, 1.6 ಲೀಟರ್‌ಗಿಂತ ದೊಡ್ಡ ಎಂಜಿನ್ನಿನ ಕಂಪನಿ ಕಾರನ್ನು ಕಚೇರಿಗೂ ಮನೆಗೂ ಬಳಸಿದರೆ ತಿಂಗಳಿಗೆ 2,400 ರೂಪಾಯಿ, ಡ್ರೈವರ್ ಇದ್ದರೆ ಇನ್ನೂ 900 ಅಂತಿತ್ತು. ಅಂದರೆ ವರ್ಷಕ್ಕೆ 39,600. ಕಾರಿನ ಬೆಲೆ 12 ಲಕ್ಷ ಇರಲಿ, 2 ಕೋಟಿ ಇರಲಿ, ಅಂಕಿ ಅದೇ ಆಗಿತ್ತು. ಆದರೆ 2 ಕೋಟಿಯ ಕಾರಿಗೆ ಶೇ 15ರ ಸವಕಳಿ ಹಿಡಿದರೂ ಮೊದಲ ವರ್ಷವೇ 30 ಲಕ್ಷ ಕಂಪನಿಯ ಖರ್ಚು. ವಿಮೆ, ಪೆಟ್ರೋಲು, ಡ್ರೈವರ್ ಸಂಬಳ ಬೇರೆ. ಪೂರ್ತಿ ಕಚೇರಿ ಕೆಲಸಕ್ಕೇ ಬಳಸಿದ್ದು ಅಂತ ಲಾಗ್ ಬುಕ್ ಬರೆದಿಟ್ಟರೆ ಸೌಲಭ್ಯದ ಮೌಲ್ಯ ಸೊನ್ನೆ. ಕಾರುಗಳ ನಿಜ ಲೆಕ್ಕ ಬೇಕಿದ್ದರೆ ಸ್ಥಿರಾಸ್ತಿ ಟಿಪ್ಪಣಿಯಲ್ಲಿ ವಾಹನಗಳ ಕಾಲಂ ನೋಡಿ. ಆ ವರ್ಷ ಎಷ್ಟು ಸೇರಿದೆ, ಎಷ್ಟು ಮಾರಿದ್ದಾರೆ ಅನ್ನೋದು ಅಲ್ಲಿ ಸ್ಪಷ್ಟವಾಗಿರುತ್ತೆ. ನಷ್ಟದ ವರ್ಷದಲ್ಲಿ ಕಾರ್ಖಾನೆ ಯಂತ್ರದ ಕಾಲಂನಲ್ಲಿ ಏನೂ ಸೇರದೆ ವಾಹನದ ಕಾಲಂ ಬೆಳೆದಿದ್ದರೆ ಆ ಪುಟದ ಪ್ರತಿಯನ್ನೇ ಮನವಿಗೆ ಲಗತ್ತಿಸಿ.

ಬಂಗಲೆ. ಇದನ್ನ ಹುಡುಕೋರು ಬಾಡಿಗೆ ಖರ್ಚಿನ ಸಾಲು ನೋಡಿ, ಅಲ್ಲಿ ಕಮ್ಮಿ ಇದೆ ಅಂತ ಬಿಟ್ಟುಬಿಡ್ತಾರೆ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 (ಲೀಸಿನ ಲೆಕ್ಕ ಹೇಗೆ ಬರೆಯಬೇಕು ಅನ್ನೋ ಲೆಕ್ಕಪತ್ರ ಮಾನದಂಡ) ಬಂದ ಮೇಲೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸು ಬಾಡಿಗೆ ಅಂತ ಕಾಣೋದೇ ಇಲ್ಲ. ಅದು ಬಳಕೆಯ ಹಕ್ಕು ಅನ್ನೋ ಆಸ್ತಿಯಾಗಿ, ಎದುರಿಗೆ ಲೀಸ್ ಹೊಣೆಯಾಗಿ ಕೂತ್ಕೊಳ್ಳುತ್ತೆ. ಖರ್ಚು ಸವಕಳಿ ಮತ್ತು ಬಡ್ಡಿಯ ಹೆಸರಲ್ಲಿ ಹಂಚಿ ಹೋಗುತ್ತೆ. ಇದರಿಂದ ಬಡ್ಡಿ-ಸವಕಳಿಗೆ ಮುಂಚಿನ ಲಾಭ ಚೆನ್ನಾಗಿ ಕಾಣುತ್ತೆ, ಬ್ಯಾಂಕಿನವರ ಮುಂದೆ ಇಡೋ ಅಂಕಿ ಅದೇ. ವಿಮಾನವನ್ನ ಲೀಸಿಗೆ ತಗೊಂಡಿದ್ದರೂ ಇದೇ ಟಿಪ್ಪಣಿ ನೋಡಬೇಕು.

ಆಮೇಲೆ ಬಂಗಲೆ ಯಾರದು? ಬಹಳ ಸಲ ಪ್ರವರ್ತಕರ (ಪ್ರಮೋಟರ್‌ಗಳ) ಮನೆಯವರ ಇನ್ನೊಂದು ಕಂಪನಿಯದ್ದೇ ಆಗಿರುತ್ತೆ. ಇಂಡ್ ಎಎಸ್ 24ರ ಸಂಬಂಧಿತ ವ್ಯಕ್ತಿಗಳ ಟಿಪ್ಪಣಿ ಅದನ್ನ ಹೇಳುತ್ತೆ. ಅಲ್ಲಿ ಬಾಡಿಗೆಗಿಂತ ಮುಖ್ಯವಾಗಿ ನೋಡಬೇಕಾದ್ದು ಭದ್ರತಾ ಠೇವಣಿ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ಹಳೇ ರೂಢಿ. ಆದರೆ ತಿಂಗಳಿಗೆ 5 ಲಕ್ಷ ಬಾಡಿಗೆಯ ಮನೆಗೆ 8 ಕೋಟಿ ಬಡ್ಡಿ ಇಲ್ಲದ ಠೇವಣಿ ಕೊಟ್ಟಿದ್ದರೆ ಅದು ಅಡ್ವಾನ್ಸ್ ಅಲ್ಲ, ಪ್ರವರ್ತಕರಿಗೆ ಕೊಟ್ಟ ಸಾಲ. ಅದೇ ಟಿಪ್ಪಣಿಯಲ್ಲಿ ಸಂಬಂಧಿಕರ ಸಂಬಳವೂ ಸಿಗುತ್ತೆ. ತಿಂಗಳಿಗೆ ಎರಡೂವರೆ ಲಕ್ಷ ದಾಟಿದರೆ ಕಂಪನಿ ಕಾಯ್ದೆಯ 188ನೇ ಕಲಮಿನ ಕೆಳಗೆ ಷೇರುದಾರರ ಒಪ್ಪಿಗೆ ಬೇಕು. 2.4 ಲಕ್ಷಕ್ಕೆ ನಿಂತ ಸಂಬಳಗಳು ಎಷ್ಟಿವೆ ಅಂತ ಎಣಿಸಿ.

ಚಾರ್ಟರ್ ಬಿಲ್ಲು ಇತರೆ ಖರ್ಚುಗಳಲ್ಲಿ ಪ್ರಯಾಣದ ಸಾಲಿಗೆ ಹೋಗುತ್ತೆ, ಕೆಲವೊಮ್ಮೆ ವ್ಯಾಪಾರ ಪ್ರಚಾರಕ್ಕೂ ಹೋಗುತ್ತೆ. ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು, ಮಾರಾಟ ಇಳಿದ ಪ್ರಮಾಣಕ್ಕೆ ಆ ಸಾಲುಗಳೂ ಇಳಿದಿವೆಯಾ ನೋಡಿ. ಬ್ಯಾಂಕಿನವರು ಮೂಲ ಬಿಲ್ಲು ತರಿಸಿಕೊಂಡರೆ ಅದರಲ್ಲಿ ಎಚ್‌ಎಎಲ್ ನಿಲ್ದಾಣದ ಲ್ಯಾಂಡಿಂಗ್, ಪಾರ್ಕಿಂಗ್ ಶುಲ್ಕ, ಖಾಲಿ ವಿಮಾನ ಬಂದು ಹೋಗೋ ಗಂಟೆಗಳ ಚಾರ್ಜು ಎಲ್ಲಾ ಇರುತ್ತೆ. ಪ್ರಯಾಣಿಕರ ಪಟ್ಟಿಯನ್ನೂ ಕೇಳಬೇಕು. ಹತ್ತಿದವರು ಯಾರು ಅಂತ ತಿಳಿಯದೆ ಅದು ಕಂಪನಿ ಕೆಲಸವಾ ಸ್ವಂತದ್ದಾ ಅಂತ ತೀರ್ಮಾನ ಆಗಲ್ಲ.

ಕಲಂ 197

ಮಿತಿಯ ಪ್ರಶ್ನೆಗೆ ಉತ್ತರ: ಇದೆ, ಆದರೆ ಅದಕ್ಕೆ ಬಾಗಿಲುಗಳೂ ಇವೆ.

2013ರ ಕಂಪನಿ ಕಾಯ್ದೆಯ 197ನೇ ಕಲಮಿನಲ್ಲಿ ಲಾಭದ ಕಂಪನಿಗೆ ಎಲ್ಲಾ ನಿರ್ದೇಶಕರೂ ಸೇರಿ ನಿವ್ವಳ ಲಾಭದ ಶೇ 11, ಒಬ್ಬ ಎಂ.ಡಿ.ಗೆ ಶೇ 5. ಲಾಭವೇ ಇಲ್ಲದಿದ್ದರೆ 5ನೇ ಅನುಸೂಚಿಗೆ ಬರಬೇಕು. ಅಲ್ಲಿ ಕಂಪನಿಯ ಪರಿಣಾಮಕಾರಿ ಬಂಡವಾಳ 5 ಕೋಟಿಗಿಂತ ಕಮ್ಮಿ ಅಥವಾ ಋಣಾತ್ಮಕ ಆಗಿದ್ದರೆ ವರ್ಷಕ್ಕೆ 60 ಲಕ್ಷ, 5ರಿಂದ 100 ಕೋಟಿಗೆ 84 ಲಕ್ಷ, 100ರಿಂದ 250 ಕೋಟಿಗೆ 120 ಲಕ್ಷ. ಅದಕ್ಕೂ ಮೇಲೆ ಹೋದರೆ 120 ಲಕ್ಷದ ಜೊತೆ 250 ಕೋಟಿ ಮೀರಿದ ಮೊತ್ತದ ಶೇ 0.01.

ಪರಿಣಾಮಕಾರಿ ಬಂಡವಾಳ ಲೆಕ್ಕ ಹಾಕೋದು ಹೀಗೆ. ಷೇರು ಬಂಡವಾಳ 40 ಕೋಟಿ, ಷೇರು ಪ್ರೀಮಿಯಂ 60 ಕೋಟಿ, ಒಂದು ವರ್ಷದ ನಂತರ ತೀರಿಸಬೇಕಾದ ಸಾಲ 150 ಕೋಟಿ ಅಂತ ಇಟ್ಕೊಳ್ಳಿ. ಒಟ್ಟು 250. ಇದರಲ್ಲಿ ಹೂಡಿಕೆ 30 ಕೋಟಿ, ಸಂಚಿತ ನಷ್ಟ 130 ಕೋಟಿ ಕಳೆದರೆ 90 ಕೋಟಿ. ಮಿತಿ 84 ಲಕ್ಷ. ನಿಮ್ಮ ಕಂಪನಿಯ ಅಂಕಿ ಹೀಗೇ ಇದ್ದರೆ 96 ಲಕ್ಷ ಅನ್ನೋದು ಆಗಲೇ ಮಿತಿ ದಾಟಿದೆ. ತಪ್ಪಾಗೋದು ಎಲ್ಲಿ ಅಂದರೆ, ವರ್ಕಿಂಗ್ ಕ್ಯಾಪಿಟಲ್ ಸಾಲ ಮತ್ತು ಓವರ್‌ಡ್ರಾಫ್ಟನ್ನೂ ಕೂಡಿಸಿಬಿಡ್ತಾರೆ, ಮರುಮೌಲ್ಯಮಾಪನದ ಮೀಸಲನ್ನೂ ಸೇರಿಸ್ತಾರೆ. ಎರಡೂ ಸೇರೋ ಹಾಗಿಲ್ಲ. ಇನ್ನೊಂದು, ನೇಮಕ ಆದ ವರ್ಷದ ಹಿಂದಿನ ಮಾರ್ಚ್ 31ರ ಅಂಕಿ ತಗೋಬೇಕು, ಈಗಿನದ್ದಲ್ಲ. ಪಿಎಫ್, ಗ್ರಾಚ್ಯುಟಿ, ಕೊನೆಯಲ್ಲಿ ಸಿಗೋ ರಜೆ ನಗದೀಕರಣ ಈ ಮಿತಿಯ ಲೆಕ್ಕಕ್ಕೆ ಬರಲ್ಲ.

ಬಾಗಿಲು ಅಂದೆನಲ್ಲ, ಅದು ವಿಶೇಷ ನಿರ್ಣಯ. ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಬಂದರೆ ಮಿತಿ ಮೀರಿಯೂ ಕೊಡಬಹುದು. ಮೊದಲು ಕೇಂದ್ರ ಸರ್ಕಾರದ ಅನುಮತಿ ಬೇಕಿತ್ತು, 2018ರ ಸೆಪ್ಟೆಂಬರ್ 12ರಿಂದ ಅದನ್ನ ತೆಗೆದರು. ಅದರ ಬದಲಿಗೆ ಬಂದ ನಿಯಮವೇ ನಿಮ್ಮ ಕೈಲಿರೋ ದೊಡ್ಡ ಅಸ್ತ್ರ: ಕಂಪನಿ ಬ್ಯಾಂಕಿಗೆ ಗಡುವಿನೊಳಗೆ ಕಟ್ಟದೆ ಬಾಕಿ ಉಳಿಸಿಕೊಂಡಿದ್ದರೆ, ಸಾಮಾನ್ಯ ಸಭೆಗೆ ಹೋಗೋ ಮುಂಚೆಯೇ ಆ ಬ್ಯಾಂಕಿನ ಒಪ್ಪಿಗೆ ತಗೋಬೇಕು. ಬಾಕಿ ಇದೆಯೋ ಇಲ್ಲವೋ ಅನ್ನೋದಕ್ಕೆ ಲೆಕ್ಕಪರಿಶೋಧಕರ ವರದಿಯ ಅನುಬಂಧದಲ್ಲಿ ಕಾರೋ 2020ರ (ಲೆಕ್ಕಪರಿಶೋಧಕರು ಏನೇನು ವರದಿ ಮಾಡಬೇಕು ಅನ್ನೋ ಕೇಂದ್ರದ ಆದೇಶ) 9ನೇ ಅಂಶ ನೋಡಿ. ಯಾವ ಬ್ಯಾಂಕು, ಎಷ್ಟು, ಅಸಲಾ ಬಡ್ಡಿಯಾ, ಎಷ್ಟು ದಿನ ತಡ ಅಂತ ಕೋಷ್ಟಕವೇ ಇರುತ್ತೆ.

ಒಪ್ಪಿಗೆ ಇಲ್ಲದೆ ಜಾಸ್ತಿ ಪಡೆದಿದ್ದರೆ 197(9)ರ ಪ್ರಕಾರ ಎರಡು ವರ್ಷದೊಳಗೆ ವಾಪಸ್ ಕಟ್ಟಬೇಕು. ಕಟ್ಟೋವರೆಗೆ ಅದು ಕಂಪನಿಯ ದುಡ್ಡು, ಅವರು ಬರೀ ಕಾವಲುಗಾರರು. ಮನ್ನಾ ಮಾಡಬೇಕಿದ್ದರೂ ವಿಶೇಷ ನಿರ್ಣಯ ಬೇಕು, ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.

ರೂಪಾಯಿ ಪೈಸೆ

ಒಂದು ವಿರುದ್ಧ ಮಾತು ಹೇಳ್ತೀನಿ, ಬೇಸರ ಬೇಡ. ಕಾರು, ಜೆಟ್ಟು ನೋಡಿದರೆ ಸಿಟ್ಟು ಬರೋದು ನ್ಯಾಯವೇ. ಆದರೆ ಮನವಿ ಪೂರ್ತಿ ಅದರ ಮೇಲೇ ನಿಂತರೆ ಎದುರಿನವರು ಒಂದೇ ಉತ್ತರದಲ್ಲಿ ಮುಗಿಸ್ತಾರೆ: ಇಷ್ಟನ್ನೂ ನಿಲ್ಲಿಸಿದರೆ ನಷ್ಟ ತುಂಬುತ್ತಾ ಅಂತ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ವಿಮಾ ಕಂಪನಿ ಎಐಜಿಗೆ 8,500 ಕೋಟಿ ಡಾಲರ್ ನೆರವು ಘೋಷಿಸಿದ ಒಂದು ವಾರದಲ್ಲೇ, ಅದರ ಅಂಗಸಂಸ್ಥೆಯೊಂದು ಕ್ಯಾಲಿಫೋರ್ನಿಯಾದ ರೆಸಾರ್ಟಿನಲ್ಲಿ ಸುಮಾರು 4.4 ಲಕ್ಷ ಡಾಲರ್ ಖರ್ಚು ಮಾಡಿ ಕೂಟ ಮಾಡಿತು. ದೇಶವೇ ಉರಿದುಬಿತ್ತು. ಲೆಕ್ಕ ಹಾಕಿದರೆ ನೆರವಿನ ಲಕ್ಷ ರೂಪಾಯಿಗೆ ಸುಮಾರು 50 ಪೈಸೆ. ಎಐಜಿ ಮುಳುಗಿದ್ದು ರೆಸಾರ್ಟಿನಿಂದಲ್ಲ, ಅಡಮಾನ ಸಾಲಪತ್ರಗಳಿಗೆ ಕೊಟ್ಟ ಖಾತರಿಯಿಂದ.

ಇನ್ನೊಂದು ಕಡೆ ನಮ್ಮೂರಿನ ಸಾರ್ವಜನಿಕ ವಲಯ ನೋಡಿ. 2017ರ ಆಗಸ್ಟ್ 3ರ ಡಿಪಿಇ (ಕೇಂದ್ರದ ಸಾರ್ವಜನಿಕ ಉದ್ಯಮಗಳ ಇಲಾಖೆ) ಆದೇಶದ ಪ್ರಕಾರ, ವೇತನ ಪರಿಷ್ಕರಣೆಯ ಹೊರೆ ಕಂಪನಿಯ ಮೂರು ವರ್ಷದ ಸರಾಸರಿ ತೆರಿಗೆಪೂರ್ವ ಲಾಭದ ಶೇ 20 ಮೀರಬಾರದು, ಅಧಿಕಾರಿಗಳ ಸೌಲಭ್ಯಭತ್ಯೆ ಮೂಲವೇತನದ ಶೇ 35 ಮೀರಬಾರದು. ಲಾಭವಿಲ್ಲದ ಕಾರ್ಖಾನೆಯ ಎಂಜಿನಿಯರು ಹಳೇ ಶ್ರೇಣಿಯಲ್ಲೇ ನಿವೃತ್ತನಾಗ್ತಾನೆ. ಅಲ್ಲಿ ಇಷ್ಟೊಂದು ಕಟ್ಟುಪಾಡು ಇದ್ದೂ ನಷ್ಟ ನಿಲ್ಲಲಿಲ್ಲ. ಹಾಗಾಗಿ ಸೌಲಭ್ಯಕ್ಕಿಂತ ಮೊದಲು ಸಾಲದ ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿ.

ಮಂಜೂರಾತಿ ಪತ್ರ

ರೂಪಾಯಿ ಪೈಸೆ ಸರ್, ಮೊತ್ತ ಚಿಕ್ಕದು ಅನ್ನೋದು ಸರಿ. ಆದರೆ ಎಐಜಿ ಕತೆ ರೆಸಾರ್ಟಿಗೆ ಮುಗಿಯಲಿಲ್ಲ. 2009ರ ಮಾರ್ಚ್‌ನಲ್ಲಿ ಅದೇ ಕಂಪನಿ, ನಷ್ಟ ತಂದ ವಿಭಾಗದವರಿಗೇ 16.5 ಕೋಟಿ ಡಾಲರ್ ಬೋನಸ್ ಕೊಟ್ಟಿತು. ಅಷ್ಟೊತ್ತಿಗೆ ಸರ್ಕಾರದ ಕೈಲಿ ಶೇ 79.9ರ ಪಾಲಿತ್ತು, ಆದರೂ ತಡೆಯೋಕೆ ಆಗಲಿಲ್ಲ. ಬೋನಸ್ ಒಪ್ಪಂದಗಳು ನೆರವಿಗೂ ಮುಂಚಿನವು, ಮುರಿದರೆ ಕೋರ್ಟಿಗೆ ಹೋಗ್ತಾರೆ ಅನ್ನೋದು ಕಾರಣ. ಅಲ್ಲಿನ ಸಂಸತ್ತಿನ ಕೆಳಮನೆ ಆ ಬೋನಸ್ ಮೇಲೆ ಶೇ 90ರ ತೆರಿಗೆ ಹಾಕೋ ಮಸೂದೆ ಪಾಸು ಮಾಡಿತು, ಅದು ಕಾನೂನಾಗಲೇ ಇಲ್ಲ. ಹಣ ಬಿಡುಗಡೆಯಾದ ಮೇಲೆ ಹಾಕೋ ಷರತ್ತಿಗೆ ಹಲ್ಲಿರಲ್ಲ. ಎಲ್ಲಾ ಮಂಜೂರಾತಿ ಪತ್ರದಲ್ಲೇ ಆಗಬೇಕು.

ಕಾರು ಕಂಪನಿಗಳದ್ದು ನೋಡಿ. 2008ರ ನವೆಂಬರ್‌ನಲ್ಲಿ ಜಿಎಂ, ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು ಖಾಸಗಿ ಜೆಟ್‌ಗಳಲ್ಲಿ ವಾಷಿಂಗ್ಟನ್‌ಗೆ ಹೋಗಿ 2,500 ಕೋಟಿ ಡಾಲರ್ ಕೇಳಿದರು. ಬರಿಗೈಲಿ ವಾಪಸ್ ಬಂದರು. ಡಿಸೆಂಬರ್‌ನಲ್ಲಿ ರಸ್ತೆ ಮೇಲೆ ತಮ್ಮದೇ ಕಾರುಗಳಲ್ಲಿ ಹೋದರು. ಆ ತಿಂಗಳ ಕೊನೆಗೆ ಜಿಎಂ, ಕ್ರೈಸ್ಲರ್‌ಗೆ 1,740 ಕೋಟಿ ಡಾಲರ್ ಮಂಜೂರಾದಾಗ, ಖಾಸಗಿ ವಿಮಾನಗಳನ್ನ ಕೈಬಿಡಬೇಕು ಅನ್ನೋದು ಸಾಲದ ಷರತ್ತಿನಲ್ಲೇ ಇತ್ತು. ಫೋರ್ಡ್ ಆ ಹಣ ತಗೊಳ್ಳಲಿಲ್ಲ. ಮುಂದೆ 2009ರಲ್ಲಿ, ನೆರವು ಪಡೆದ ಸಂಸ್ಥೆಗಳ ನಿರ್ದೇಶಕ ಮಂಡಳಿ ಐಷಾರಾಮಿ ಖರ್ಚಿನ ನೀತಿ ಬರೆದು ವೆಬ್‌ಸೈಟಿನಲ್ಲಿ ಹಾಕಬೇಕು ಅಂತಾಯ್ತು. ಕೂಟಗಳು, ಕಚೇರಿ ಅಲಂಕಾರ, ವಿಮಾನ ಪ್ರಯಾಣ ಎಲ್ಲಾ ಅದರಡಿ ಬಂತು. ಒಬ್ಬರಿಗೆ 25,000 ಡಾಲರ್ ಮೀರಿದ ಸೌಲಭ್ಯ ಕೊಟ್ಟರೆ ವಿವರ ಬಹಿರಂಗ ಮಾಡಬೇಕಿತ್ತು.

ನಮ್ಮಲ್ಲಿ ಷರತ್ತು ತಡವಾದರೆ ಏನಾಗುತ್ತೆ ಅನ್ನೋದಕ್ಕೆ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೇ ಊರಿನ ಉದಾಹರಣೆ. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನ ಷೇರಿಗೆ 64.48 ರೂಪಾಯಿಯಂತೆ ಷೇರಾಗಿ ಬದಲಾಯಿಸಿಕೊಂಡವು. ಆಗಿನ ಮಾರುಕಟ್ಟೆ ಬೆಲೆಗಿಂತ ಅದು ಬಹಳ ಜಾಸ್ತಿ. 2012ರ ಅಕ್ಟೋಬರ್‌ನಲ್ಲಿ ಲೈಸೆನ್ಸ್ ಅಮಾನತಾಗಿ ವಿಮಾನಗಳು ನಿಂತವು, ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿ. ವಿಜಯ್ ಮಲ್ಯ ಬಳಸುತ್ತಿದ್ದ ಏರ್‌ಬಸ್ ಎ319 ಜೆಟ್ಟನ್ನ ಸೇವಾ ತೆರಿಗೆ ಇಲಾಖೆ ಬಾಕಿಗಾಗಿ ಜಪ್ತಿ ಮಾಡಿತ್ತು. 2016ರ ಹರಾಜಿನಲ್ಲಿ ಕನಿಷ್ಠ ಬೆಲೆ 152 ಕೋಟಿ ಇಟ್ಟರೆ ಬಂದ ಬಿಡ್ 1.09 ಕೋಟಿ. ಕೊನೆಗೆ 2018ರಲ್ಲಿ ಸುಮಾರು 35 ಕೋಟಿಗೆ ಹೋಯ್ತು. ಹಾರದೆ ನಿಂತ ವಿಮಾನದ ಬೆಲೆ ಹಾಗೆ ಕರಗುತ್ತೆ, ಪಾರ್ಕಿಂಗ್ ಬಾಡಿಗೆ ಬೆಳೀತಾ ಹೋಗುತ್ತೆ. ಸಾಲಕ್ಕೆ ಒತ್ತೆ ಇಟ್ಟಿದ್ದ ಬ್ರ್ಯಾಂಡ್ ಹೆಸರನ್ನ 2016ರ ಏಪ್ರಿಲ್‌ನಲ್ಲಿ 366.70 ಕೋಟಿಗೆ ಹರಾಜಿಗಿಟ್ಟಾಗ ಒಬ್ಬರೂ ಬರಲಿಲ್ಲ. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಯ ಆದೇಶ ಬಂದಿದ್ದು 2017ರ ಜನವರಿಯಲ್ಲಿ, 6,203 ಕೋಟಿ ಮತ್ತು ಶೇ 11.5 ಬಡ್ಡಿ. ಬ್ಯಾಂಕುಗಳಿಗೆ 14,131 ಕೋಟಿ ವಾಪಸ್ ಬಂದಿದೆ ಅಂತ ಹಣಕಾಸು ಸಚಿವರು ಲೋಕಸಭೆಯಲ್ಲಿ ಹೇಳಿದ್ದು 2024ರ ಡಿಸೆಂಬರ್‌ನಲ್ಲಿ. ಅದರ ದೊಡ್ಡ ಭಾಗ ಬಂದಿದ್ದು ಜಪ್ತಿಯಾದ ಷೇರುಗಳ ಮಾರಾಟದಿಂದ. ವಿಮಾನ ನಿಂತ ಮೇಲೆ ಹನ್ನೆರಡು ವರ್ಷ.

ಮಂಜು ಅವರೇ, ನಮ್ಮಲ್ಲಿ ನೆರವು ಪಡೆಯೋ ಕಂಪನಿಗಳ ಸೌಲಭ್ಯಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಆದ್ದರಿಂದ ಮನವಿಯಲ್ಲಿ ಷರತ್ತುಗಳನ್ನ ನೀವೇ ವಾಕ್ಯ ಸಮೇತ ಬರೆದುಕೊಡಿ, ಅಧಿಕಾರಿಗಳಿಗೆ ಎತ್ತಿ ಹಾಕಿಕೊಳ್ಳೋದು ಸುಲಭ. ಕಂಪನಿಗೆ ಬರೋ ಎಲ್ಲಾ ಹಣ ಒಂದೇ ಟ್ರಸ್ಟ್ ಅಂಡ್ ರಿಟೆನ್ಶನ್ ಖಾತೆಗೆ (ಬ್ಯಾಂಕಿನ ನಿಗಾದಲ್ಲಿರೋ ಖಾತೆ) ಬೀಳಬೇಕು, ಅಲ್ಲಿಂದ ಹೋಗೋ ಕ್ರಮ ಬರೆದಿರಬೇಕು: ಮೊದಲು ಶಾಸನಬದ್ಧ ಬಾಕಿ ಮತ್ತು ಪಿಎಫ್, ಆಮೇಲೆ ಸಂಬಳ, ಕಚ್ಚಾವಸ್ತು, ಬಡ್ಡಿ, ಕೊನೆಯಲ್ಲಿ ನಿರ್ದೇಶಕರದ್ದು. ಇದು ಕೆಡೋದು ಇನ್ನೊಂದು ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆದು ಗ್ರಾಹಕರ ಹಣ ಅತ್ತ ತಿರುಗಿಸಿದಾಗ. 2020ರ ಆಗಸ್ಟ್ 6ರಂದು ರಿಸರ್ವ್ ಬ್ಯಾಂಕ್ ಕರೆಂಟ್ ಅಕೌಂಟ್ ತೆರೆಯೋದರ ಮೇಲೆ ಕಡಿವಾಣ ಹಾಕಿದ್ದರ ಹಿಂದೆ ಇದೇ ಚಿಂತೆ ಇತ್ತು. ಹಣ ಒಂದೇ ಸಲ ಬೇಡ, ಕಂತಿನಲ್ಲಿ ಕೊಡಲಿ; ಪ್ರತಿ ಕಂತಿಗೂ ಮುಂಚೆ ಪಿಎಫ್ ಚಲನ್ ತೋರಿಸಲಿ. ಪ್ರವರ್ತಕರ ಕಂಪನಿಗೆ ಕೊಟ್ಟ ಠೇವಣಿ ಮೊದಲ ಕಂತಿಗೆ ಮುಂಚೆ ವಾಪಸ್ ಬರಲಿ. ಲೀಸು, ಚಾರ್ಟರ್ ಒಪ್ಪಂದಗಳನ್ನ ನೋಟಿಸ್ ಅವಧಿ, ರದ್ದತಿ ಶುಲ್ಕ ಸಮೇತ ಪಟ್ಟಿ ಮಾಡಿ ಕೊಡಲಿ. ಈ ಪಟ್ಟಿ ಇಲ್ಲದೆ ಎಲ್ಲಾ ನಿಲ್ಲಿಸ್ತೀವಿ ಅಂದರೆ ನಂಬಬೇಡಿ, ಮೂರು ವರ್ಷ ಲಾಕ್ ಆಗಿರೋ ಒಪ್ಪಂದ ನಾಳೆ ಹೊರಗೆ ಬರುತ್ತೆ.

ಸರ್ಕಾರ ಸಾಲದ ಬದಲು ಷೇರು ತಗೊಂಡರೆ ಇನ್ನೊಂದು ಅನುಕೂಲ. ವೊಡಾಫೋನ್ ಐಡಿಯಾದಲ್ಲಿ 2025ರಲ್ಲಿ ಕೇಂದ್ರ ತನ್ನ ಬಾಕಿಯಲ್ಲಿ 36,950 ಕೋಟಿಯನ್ನ ತಲಾ 10 ರೂಪಾಯಿಯಂತೆ ಷೇರಾಗಿಸಿ ಪಾಲನ್ನ ಶೇ 48.99ಕ್ಕೆ ಏರಿಸಿಕೊಂಡಿತು. ಶೇ 25ಕ್ಕಿಂತ ಜಾಸ್ತಿ ಮತ ಕೈಲಿದ್ದರೆ ಮೇಲೆ ಹೇಳಿದ ವಿಶೇಷ ನಿರ್ಣಯವನ್ನ ಒಬ್ಬರೇ ಬೀಳಿಸಬಹುದು. ಮತ ಹಾಕೋ ಮನಸ್ಸು ಬೇಕು ಅಷ್ಟೇ.

ಶ್ರಮಿಕ ಜಯಮ್ಮ

ಮೇಲಿನವರೆಲ್ಲ ಬ್ಯಾಂಕಿನ ಕಡೆಯಿಂದ ಹೇಳಿದ್ದಾರೆ. ಯೂನಿಯನ್ ಇವತ್ತೇ ಶುರು ಮಾಡಬಹುದಾದ್ದು ಹೇಳ್ತೀನಿ ಮಂಜು.

ಪಿಎಫ್ ಕಂತು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎಲ್ಲರಿಗೂ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ಇಳಿಸಿಕೊಳ್ಳೋಕೆ ಹೇಳಿ, ಸಂಬಳದ ಚೀಟಿ ಜೊತೆ ಪಿನ್ ಮಾಡಿ. ಚೀಟಿಯಲ್ಲಿ ನೌಕರನ ಪಾಲು ಕಡಿತವಾಗಿದ್ದು ಪಾಸ್‌ಬುಕ್‌ನಲ್ಲಿ ಬಂದಿಲ್ಲ ಅಂದರೆ ಅದು ಬರೀ ತಡ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆದ್ರೋಹ. ಆ ಎರಡು ಹಾಳೆ ಒಂದು ಕಡೆ, ಅದೇ ತ್ರೈಮಾಸಿಕದ ಪ್ರಯಾಣ ಖರ್ಚು ಇನ್ನೊಂದು ಕಡೆ ಇಟ್ಟು ಕೊಡಿ. ರೂಪಾಯಿ ಪೈಸೆಯವರ ಪ್ರಶ್ನೆಗೂ ಅದೇ ಉತ್ತರ: ನಷ್ಟ ತುಂಬೋಕೆ ಆ ದುಡ್ಡು ಸಾಲದೇ ಇರಬಹುದು, ಪಿಎಫ್ ಕಟ್ಟೋಕೆ ಸಾಕಿತ್ತು.

ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ಅನ್ವಯಿಸಲ್ಲ, ಇಲಾಖೆಗೆ ಅನ್ವಯಿಸುತ್ತೆ. 10 ರೂಪಾಯಿ ಶುಲ್ಕ ಕಟ್ಟಿ ಕೇಳಿ: ಕಂಪನಿಯ ಅರ್ಜಿ, ಕಾರ್ಯಸಾಧ್ಯತಾ ವರದಿ, ಕಡತದ ಟಿಪ್ಪಣಿ ಹಾಳೆಗಳು, ಉದ್ದೇಶಿತ ಷರತ್ತುಗಳು. ಏಕೆ ಅಂತ ಪ್ರಶ್ನೆ ಕೇಳಬೇಡಿ, ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ. ಮೂರನೇ ವ್ಯಕ್ತಿಯ ಮಾಹಿತಿ ಅಂತ 11ನೇ ಕಲಂ ಹಿಡಿದರೆ ಕಂಪನಿಗೆ 5 ದಿನದಲ್ಲಿ ನೋಟಿಸ್ ಹೋಗಬೇಕು, ಅವರಿಗೆ ಉತ್ತರಕ್ಕೆ 10 ದಿನ, ನಿಮಗೆ ಒಟ್ಟು 40 ದಿನದಲ್ಲಿ ತೀರ್ಮಾನ. ವ್ಯಾಪಾರದ ಗುಟ್ಟು ಅಂತ 8(1)(ಡಿ) ಹೇಳಿದರೆ, ಅದೇ ಉಪಕಲಮಿನಲ್ಲಿ ಸಾರ್ವಜನಿಕ ಹಿತದ ವಿನಾಯಿತಿ ಇದೆ, ಮೇಲ್ಮನವಿಯಲ್ಲಿ ಅದನ್ನ ಎತ್ತಿ.

ಪದಾಧಿಕಾರಿಗಳಲ್ಲಿ ಒಬ್ಬರು ಕಂಪನಿಯ ಒಂದು ಷೇರು ಕೊಂಡಿಡಿ. ವಾರ್ಷಿಕ ಸಭೆಯ ನೋಟಿಸ್ 21 ದಿನ ಮುಂಚೆ ಕೈಗೆ ಬರುತ್ತೆ, ಸಭೆಯಲ್ಲಿ ಪ್ರಶ್ನೆ ಕೇಳಬಹುದು.

ದಿವಾಳಿ ಪ್ರಕರಣವಾಗಿ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಿಬಿಟ್ಟರೆ ದಾರಿ ಬೇರೆ. ಸಾರ್ವಜನಿಕ ಪ್ರಕಟಣೆ ಬಂದ ತಕ್ಷಣ ಪ್ರತಿಯೊಬ್ಬರೂ ತಮ್ಮ ಬಾಕಿ ಕೇಳೋ ಫಾರಂ ಡಿ, ಅಥವಾ ಎಲ್ಲರ ಪರವಾಗಿ ಪ್ರತಿನಿಧಿ ಫಾರಂ ಇ ಕೊಡಬೇಕು. ದಿವಾಳಿ ವಿಲೇವಾರಿಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿ ಭದ್ರತೆ ಇಟ್ಟುಕೊಂಡು ಸಾಲ ಕೊಟ್ಟವರ ಸಮಕ್ಕೆ ನಿಲ್ಲುತ್ತೆ, ಇತರೆ ನೌಕರರದ್ದು 12 ತಿಂಗಳು, ಅದೂ ಒಂದು ಮೆಟ್ಟಿಲು ಕೆಳಗೆ. ಪ್ರವರ್ತಕರ ಕಡೆಯವರಿಗೆ ಎರಡು ವರ್ಷದೊಳಗೆ ಆದ ಪಕ್ಷಪಾತದ ಪಾವತಿಗಳನ್ನ ದಿವಾಳಿ ಸಂಹಿತೆಯ 43ನೇ ಕಲಮಿನಲ್ಲಿ ವಾಪಸ್ ಕೇಳಬಹುದು. ಬಂಗಲೆಯ ಆ ಠೇವಣಿಯ ವಿವರ ಪ್ರಕರಣ ನಡೆಸೋ ದಿವಾಳಿ ವೃತ್ತಿಪರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಪೀಣ್ಯ ಮಂಜು

ಎಲ್ಲರಿಗೂ ತುಂಬಾ ಧನ್ಯವಾದ. ಒಂದೇ ಅನುಮಾನ. ಬಾಕಿ ಇದ್ದಾಗ ಬ್ಯಾಂಕಿನ ಒಪ್ಪಿಗೆ ಮೊದಲೇ ತಗೊಂಡಿದ್ದಾರಾ ಅಂತ ಹೊರಗಿನವರಿಗೆ ತಿಳಿಯೋದು ಹೇಗೆ? ಬ್ಯಾಂಕು ಹೇಳಲ್ಲ.

ಕಲಂ 197

ಎರಡು ಕಡೆ ನೋಡಿ. ಎಂ.ಡಿ. ನೇಮಕ ಅಥವಾ ಸಂಭಾವನೆಯ ನಿರ್ಣಯ ಇರೋ ಸಭೆಯ ನೋಟಿಸಿನ ವಿವರಣಾ ಹೇಳಿಕೆ. ನಷ್ಟಕ್ಕೆ ಕಾರಣ, ಸುಧಾರಣೆಗೆ ಕ್ರಮ, ಹಿಂದಿನ ಸಂಭಾವನೆ, ಇತರ ಕಂಪನಿಗಳ ಹೋಲಿಕೆ ಎಲ್ಲಾ 5ನೇ ಅನುಸೂಚಿಯ ಪ್ರಕಾರ ಅಲ್ಲಿ ಬರೆಯಲೇಬೇಕು. ಬಾಕಿ ಇದ್ದ ಕಂಪನಿ ಬ್ಯಾಂಕಿನ ಒಪ್ಪಿಗೆ ಪಡೆದಿದ್ದರೆ ಅದನ್ನೂ ಅಲ್ಲೇ ಹೇಳಿರ್ತಾರೆ. ಎರಡನೆಯದು ಲೆಕ್ಕಪರಿಶೋಧಕರ ವರದಿ: 197(16)ರ ಪ್ರಕಾರ ಸಂಭಾವನೆ ಕಾನೂನಿನಂತೆ ಇದೆಯೋ ಮಿತಿ ಮೀರಿದೆಯೋ ಅಂತ ಅವರು ಒಂದು ಪ್ಯಾರಾ ಬರೆಯಬೇಕು.

ಲಿಸ್ಟೆಡ್ ಕಂಪನಿಯಾದ್ದರಿಂದ ಎರಡೂ ಬಿಎಸ್‌ಇ ತಾಣದಲ್ಲಿ ಉಚಿತ. ಅಂಗಸಂಸ್ಥೆ, ಪ್ರವರ್ತಕರ ಖಾಸಗಿ ಕಂಪನಿಯ ಲೆಕ್ಕ ಬೇಕಿದ್ದರೆ ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲಿನಲ್ಲಿ ಒಂದೊಂದು ಕಂಪನಿಯ ದಾಖಲೆಗೆ 100 ರೂಪಾಯಿ ಕಟ್ಟಿ ಎಒಸಿ-4 (ಲೆಕ್ಕಪತ್ರ), ಎಂಜಿಟಿ-7 (ವಾರ್ಷಿಕ ವಿವರ) ಇಳಿಸಿಕೊಳ್ಳಿ. ಕಾರೋ ಕೋಷ್ಟಕದಲ್ಲಿ ಬಾಕಿ ಇದೆ, ನೋಟಿಸಿನಲ್ಲಿ ಬ್ಯಾಂಕಿನ ಒಪ್ಪಿಗೆಯ ಮಾತಿಲ್ಲ ಅಂತಾದರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿರೋ ಕಂಪನಿ ರಿಜಿಸ್ಟ್ರಾರ್‌ಗೆ ದೂರು ಕೊಡಿ, ಪ್ರತಿಯನ್ನ ಸಾಲ ಕೊಟ್ಟ ಮುಖ್ಯ ಬ್ಯಾಂಕಿಗೆ ಹಾಕಿ. ನಿರ್ಣಯದ ದಿನಾಂಕ ಮತ್ತು ಬಾಕಿ ಶುರುವಾದ ದಿನಾಂಕ ಎರಡನ್ನೂ ದೂರಿನ ಮೊದಲ ಪ್ಯಾರಾದಲ್ಲೇ ಬರೀರಿ.